ಮದ್ದಿಲ್ಲದ ಕಾಯಿಲೆಗೆ ಆರೈಕೆಯೇ ಮದ್ದು

ವಿಶ್ವವಿಖ್ಯಾತ ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ 2001ರ ಜನವರಿಯಲ್ಲಿ ಭಾರತಕ್ಕೆ ಬಂದಿದ್ದರು. ಮುಂಬೈಯಲ್ಲಿ ವಿಜ್ಞಾನಿಗಳ ಸಮ್ಮೇಳನ ಮುಗಿಸಿಕೊಂಡು ದೆಹಲಿಗೆ ತೆರಳಿದ ಅವರು ಕುತುಬ್ ಮಿನಾರ್ ಮೊದಲಾದ ಸ್ಮಾರಕಗಳನ್ನು ನೋಡಬೇಕೆಂದು ಬಯಸಿದರು. ಮೆಟ್ಟಿಲುಗಳನ್ನಷ್ಟೇ ಬಲ್ಲ ಆ ಸ್ಮಾರಕಗಳಲ್ಲಿ ಅವರ ಗಾಲಿಕುರ್ಚಿ ಸಾಗಲೆಂದು ಮರದ ಹಲಗೆಗಳ ತಾತ್ಕಾಲಿಕ ಇಳಿಜಾರು ಹಾದಿಗಳನ್ನು ತರಾತುರಿಯಲ್ಲಿ ಜೋಡಿಸಲಾಯಿತು. ಅತಿಥಿ ಸತ್ಕಾರದಲ್ಲಿ ನಾವು ಹಿಂದೆ ಬೀಳಲಿಲ್ಲ. ಆದರೆ ಹಾಕಿಂಗ್ ಅವರನ್ನು ಗಾಲಿಕುರ್ಚಿಗೆ ತಂದ ಅದೇ ಕಾಯಿಲೆ ನಮ್ಮ ನಾಡಿನ ಶಿಕ್ಷಕರನ್ನೂ ರೈತರನ್ನೂ ದರ್ಜಿಗಳನ್ನೂ ಗೃಹಿಣಿಯರನ್ನೂ ಕಾಡುತ್ತಿದೆ. ಅವರನ್ನು ಸ್ವಂತ ಮನೆಯ ಹೊಸ್ತಿಲು ದಾಟಿಸಲು ನಮ್ಮಲ್ಲಿ ಏನು ವ್ಯವಸ್ಥೆಯಿದೆ? ಈ ಪ್ರಶ್ನೆಗೆ ಇಂದಿಗೂ ನೆಮ್ಮದಿಯ ಉತ್ತರ ದೊರೆಯುವುದಿಲ್ಲ.

ಮೋಟಾರ್ ನ್ಯೂರಾನ್ ಕಾಯಿಲೆ ಎಂಬ ಹೆಸರು ಜನಸಾಮಾನ್ಯರಿಗೆ ಅಷ್ಟಾಗಿ ಪರಿಚಿತವಲ್ಲ. ನಮ್ಮ ಇಚ್ಛೆಯಂತೆ ಕೈಕಾಲು ಆಡಿಸುವ ಆಜ್ಞೆ ಮಿದುಳಿನಿಂದ ಹೊರಟು, ಬೆನ್ನುಹುರಿಯನ್ನು ಹಾದು, ಸ್ನಾಯುಗಳನ್ನು ಮುಟ್ಟುತ್ತದೆ. ಆ ಆಜ್ಞೆಯನ್ನು ಹೊತ್ತೊಯ್ಯುವ ನರಕೋಶಗಳೇ ಮೋಟಾರ್ ನ್ಯೂರಾನ್‌ಗಳು. ಅವು ಒಂದೊಂದಾಗಿ ನಶಿಸತೊಡಗಿದಾಗ ಆಜ್ಞೆ ತಲುಪದ ಸ್ನಾಯುಗಳು ಸೊರಗುತ್ತವೆ. ಆರಂಭ ಬಹಳ ಸಣ್ಣದು. ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸುತ್ತದೆ. ಬೀಗದಲ್ಲಿ ಕೀಲಿಕೈ ತಿರುಗುವುದಿಲ್ಲ. ನಡೆಯುವಾಗ ಅರಿವಿಲ್ಲದೆ ಒಂದು ಕಾಲಿನ ಚಪ್ಪಲಿ ಜಾರಿ ಹಿಂದೆ ಉಳಿಯುತ್ತದೆ. ಇಲ್ಲವೇ ಮಾತು ತೊದಲುತ್ತದೆ. ಕ್ರಮೇಣ ನಡಿಗೆ, ಕೈಯ ಶಕ್ತಿ, ಮಾತು, ನುಂಗುವಿಕೆ ಕೈಬಿಡುತ್ತವೆ. ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಇಷ್ಟಾದರೂ ನೋಟ, ಕೇಳ್ಮೆ, ಸ್ಪರ್ಶಜ್ಞಾನ ಸಾಮಾನ್ಯವಾಗಿ ಉಳಿದಿರುತ್ತವೆ. ಕೆಲವರಲ್ಲಿ ಯೋಚನೆ ಮತ್ತು ವರ್ತನೆಯಲ್ಲಿ ವ್ಯತ್ಯಾಸಗಳು ಕಾಣಿಸಿಕೊಳ್ಳುವುದುಂಟು. ಸಣ್ಣ ಪ್ರಮಾಣದ ರೋಗಿಗಳಲ್ಲಿ ಅದು ಮರೆಗುಳಿತನದ ಒಂದು ಬಗೆಯಾಗಿಯೂ ಬೆಳೆಯಬಹುದು. ಆದರೆ ಬಹುಪಾಲು ರೋಗಿಗಳು ತಮ್ಮ ದೇಹ ಕುಸಿಯುವುದನ್ನು ಪೂರ್ಣ ಎಚ್ಚರದಲ್ಲಿ ನೋಡುತ್ತಿರುತ್ತಾರೆ. ಈ ಕಾಯಿಲೆಯ ಕ್ರೌರ್ಯ ಇರುವುದು ಇಲ್ಲಿಯೇ.

ಇದರ ಅತಿ ಸಾಮಾನ್ಯ ರೂಪವಾದ ಎಎಲ್‌ಎಸ್ ಅನ್ನು ಫ್ರಾನ್ಸಿನ ನರರೋಗ ತಜ್ಞ ಜಾನ್ ಮಾರ್ಟಿನ್ ಶಾರ್ಕೊ 1869ರಲ್ಲಿ ವಿವರಿಸಿದರು. ರೋಗಲಕ್ಷಣ ಕಾಣಿಸಿಕೊಂಡ ಎರಡರಿಂದ ಐದು ವರ್ಷಗಳೊಳಗೆ ಹೆಚ್ಚಿನವರು ಸಾವನ್ನಪ್ಪುತ್ತಾರೆ. 21ನೇ ವಯಸ್ಸಿನಲ್ಲಿ ಕಾಯಿಲೆ ಪತ್ತೆಯಾಗಿ, 76ನೇ ವಯಸ್ಸಿನವರೆಗೆ, ಅಂದರೆ 2018ರವರೆಗೆ ಬದುಕಿದ ಹಾಕಿಂಗ್ ಒಂದು ಅಪರೂಪದ ಅಪವಾದ. ಯುರೋಪಿನ ದೇಶಗಳಲ್ಲಿ ಪ್ರತಿವರ್ಷ ಲಕ್ಷ ಜನರಲ್ಲಿ ಸುಮಾರು ಇಬ್ಬರಿಗೆ ಇದು ಹೊಸದಾಗಿ ತಗಲುತ್ತದೆ. ವರ್ಷಕ್ಕೆ ಇಬ್ಬರೆಂದರೆ ಅಲ್ಪವೆನಿಸಬಹುದು. ಆದರೆ ಜೀವಮಾನದ ಲೆಕ್ಕ ಹಿಡಿದರೆ ಸುಮಾರು 300 ಜನರಲ್ಲಿ ಒಬ್ಬರಿಗೆ ಈ ಕಾಯಿಲೆ ಬರುವ ಸಂಭವವಿದೆ ಎಂಬುದು ಬ್ರಿಟನ್ನಿನ ಅಂದಾಜು.

ಈ ಕಾಯಿಲೆಗೂ ದಕ್ಷಿಣ ಭಾರತಕ್ಕೂ ವಿಶೇಷವಾದ ನಂಟಿದೆ. ಎಳೆಯ ವಯಸ್ಸಿನಲ್ಲೇ ಆರಂಭವಾಗಿ, ಕಿವುಡುತನವನ್ನೂ ತಂದು, ನಿಧಾನವಾಗಿ ಮುಂದುವರಿಯುವ ಒಂದು ಬಗೆಯನ್ನು ಮದ್ರಾಸಿನ ವೈದ್ಯರು 1970ರಲ್ಲಿ ಗುರುತಿಸಿದರು. ಅದು ಇಂದಿಗೂ ಜಗತ್ತಿನ ವೈದ್ಯಗ್ರಂಥಗಳಲ್ಲಿ ಮದ್ರಾಸ್ ಮೋಟಾರ್ ನ್ಯೂರಾನ್ ಕಾಯಿಲೆ ಎಂದೇ ಪ್ರಸಿದ್ಧ. ಒಂದೇ ಕೈಯನ್ನೋ ಒಂದೇ ಕಾಲನ್ನೋ ಬಾಧಿಸಿ ಕೆಲ ವರ್ಷಗಳ ಬಳಿಕ ತಾನಾಗಿ ನಿಂತುಬಿಡುವ, ಪ್ರಾಣಾಪಾಯವಿಲ್ಲದ ಮತ್ತೊಂದು ಬಗೆಯನ್ನು ಬೆಂಗಳೂರಿನ ನಿಮ್ಹಾನ್ಸ್‌ನ ಎಂ. ಗೌರಿದೇವಿ ಮತ್ತು ಸಂಗಡಿಗರು 1984ರಲ್ಲಿ ವಿವರಿಸಿದರು. ಅದೇ ಸಂಸ್ಥೆ ಮೂವತ್ತು ವರ್ಷಗಳಲ್ಲಿ ನೋಡಿದ 1,153 ಎಎಲ್‌ಎಸ್ ರೋಗಿಗಳ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಮ್ಮಲ್ಲಿ ಕಾಯಿಲೆ ಆರಂಭವಾಗುವ ಸರಾಸರಿ ವಯಸ್ಸು ಸುಮಾರು 46. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ಇದು ಹತ್ತು ವರ್ಷಕ್ಕೂ ಹೆಚ್ಚು ಮುಂಚೆ. ರೋಗಿಗಳು ಬದುಕಿದ ಅವಧಿಯೂ ಅಲ್ಲಿಯವರಿಗಿಂತ ದೀರ್ಘವಾಗಿತ್ತು. ಈ ಎರಡು ಸಂಗತಿಗಳ ಅರ್ಥವನ್ನು ನಾವು ಗಂಭೀರವಾಗಿ ಗ್ರಹಿಸಬೇಕು. ಮಕ್ಕಳು ಇನ್ನೂ ಶಾಲೆಯಲ್ಲಿರುವಾಗ, ಮನೆಯ ಸಾಲ ತೀರದಿರುವಾಗ, ದುಡಿಯುವ ಕೈ ಕಳಚಿಕೊಳ್ಳುತ್ತದೆ. ಆರೈಕೆಯ ಹೊಣೆಯಂತೂ ಹಲವು ವರ್ಷ ಹೊರಲೇಬೇಕು.

ರೋಗ ಪತ್ತೆಯ ದಾರಿಯೇ ದುರ್ಗಮ. ಇಂಥದೇ ಕಾಯಿಲೆ ಎಂದು ಸಾರುವ ಒಂದೇ ಒಂದು ರಕ್ತಪರೀಕ್ಷೆ ಇಲ್ಲ. ನರ ಮತ್ತು ಸ್ನಾಯುಗಳ ವಿದ್ಯುತ್ ಪರೀಕ್ಷೆ, ಎಂಆರ್‌ಐ, ಎಲ್ಲಕ್ಕಿಂತ ಮಿಗಿಲಾಗಿ ಅನುಭವಿ ವೈದ್ಯರ ತಪಾಸಣೆ ಇವೆಲ್ಲ ಸೇರಿ, ಇತರ ಕಾಯಿಲೆಗಳನ್ನು ಒಂದೊಂದಾಗಿ ತಳ್ಳಿಹಾಕಿದ ಮೇಲೆ ನಿರ್ಧಾರಕ್ಕೆ ಬರಬೇಕಾಗುತ್ತದೆ. ಮಾತು ತೊದಲಿದವರು ಕಿವಿ-ಮೂಗು-ಗಂಟಲು ವೈದ್ಯರಲ್ಲಿಗೂ, ಕೈ ಸೋತವರು ಮೂಳೆ ವೈದ್ಯರಲ್ಲಿಗೂ ಅಲೆಯುತ್ತಾರೆ. ಕತ್ತಿನ ಮೂಳೆ ಸವೆತವೆಂದು ಭಾವಿಸಿ ಶಸ್ತ್ರಚಿಕಿತ್ಸೆಯನ್ನೇ ಮಾಡಿಸಿಕೊಂಡವರೂ ಇದ್ದಾರೆ. ಮುಂದುವರಿದ ದೇಶಗಳಲ್ಲಿಯೂ ಮೊದಲ ಲಕ್ಷಣದಿಂದ ಖಚಿತ ಉತ್ತರದವರೆಗೆ ಸುಮಾರು ಒಂದು ವರ್ಷ ಕಳೆದುಹೋಗುತ್ತದೆ. ಕೊನೆಗೂ ಸಿಕ್ಕ ಉತ್ತರದ ಜೊತೆಗೆ ಅನೇಕ ಕುಟುಂಬಗಳು ಕೇಳುವ ಮಾತೊಂದಿದೆ: ‘ಇದಕ್ಕೆ ಮಾಡುವಂಥದ್ದು ಏನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ.’

ಈ ಮಾತಿನ ಪೂರ್ವಾರ್ಧ ಸತ್ಯವಲ್ಲ. ಗುಣಪಡಿಸುವ ಔಷಧಿ ಇಲ್ಲ ಎಂಬುದು ಒಂದು ಮಾತು. ಮಾಡುವಂಥದ್ದು ಏನೂ ಇಲ್ಲ ಎಂಬುದು ತೀರ ಬೇರೆಯೇ ಮಾತು. ಇವೆರಡನ್ನೂ ಒಂದೆಂದು ತಿಳಿದಿರುವುದೇ ನಮ್ಮ ವ್ಯವಸ್ಥೆಯ ದೊಡ್ಡ ಲೋಪ.

ಔಷಧಿಗಳ ಲೆಕ್ಕವನ್ನು ಪ್ರಾಮಾಣಿಕವಾಗಿ ಹೇಳಿಬಿಡುವುದು ಒಳಿತು. 1995ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದ ರಿಲುಜೋಲ್ ಗುಳಿಗೆ ಆಯುಷ್ಯವನ್ನು ಸರಾಸರಿ ಎರಡು ಮೂರು ತಿಂಗಳು ಹೆಚ್ಚಿಸುತ್ತದೆಂದು ಪ್ರಯೋಗಗಳು ತೋರಿಸಿದವು. ಎಡರವೋನ್ 2015ರಲ್ಲಿ ಜಪಾನಿನಲ್ಲಿ, 2017ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು. ಅದರ ಪ್ರಯೋಜನದ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. 2022ರಲ್ಲಿ ಅಮೆರಿಕದಲ್ಲಿ ಭಾರೀ ನಿರೀಕ್ಷೆಯೊಂದಿಗೆ ಮಾನ್ಯತೆ ಪಡೆದ ರೆಲಿವ್ರಿಯೊ, ಮುಂದಿನ ದೊಡ್ಡ ಪ್ರಯೋಗದಲ್ಲಿ ವಿಫಲವಾದ್ದರಿಂದ 2024ರಲ್ಲಿ ಮಾರುಕಟ್ಟೆಯಿಂದಲೇ ಹಿಂದೆ ಸರಿಯಿತು. 2023ರಲ್ಲಿ ಅಲ್ಲಿ ಮಾನ್ಯತೆ ಪಡೆದ ಟೋಫರ್ಸೆನ್ ನಿಜಕ್ಕೂ ಆಶಾದಾಯಕ. ಆದರೆ ಅದು ಎಸ್‌ಒಡಿ1 ಎಂಬ ವಂಶವಾಹಿಯಲ್ಲಿ ದೋಷವಿರುವ ಶೇ 2ರಷ್ಟು ರೋಗಿಗಳಿಗೆ ಮಾತ್ರ. 2014ರಲ್ಲಿ ಜಗತ್ತಿನಾದ್ಯಂತ ಜನ ತಲೆಯ ಮೇಲೆ ಐಸ್ ನೀರು ಸುರಿದುಕೊಂಡು ಈ ಕಾಯಿಲೆಗಾಗಿ ಹಣ ಸಂಗ್ರಹಿಸಿದ ಅಭಿಯಾನ ಸಂಶೋಧನೆಗೆ ಬಲ ತುಂಬಿತು. ಆ ಸಂಶೋಧನೆ ಮುಂದುವರಿಯಲಿ. ಆದರೆ ಈಗ ಹಾಸಿಗೆ ಹಿಡಿದಿರುವವರು ಅದರ ಫಲಕ್ಕಾಗಿ ಕಾಯುತ್ತಾ ಕೂರಲಾರರು.

ಇನ್ನು ಆರೈಕೆಯ ಲೆಕ್ಕವನ್ನು ನೋಡೋಣ. ಮುಖಕ್ಕೆ ಮುಖವಾಡದಂಥ ಸಾಧನ ತೊಡಿಸಿ, ರಾತ್ರಿ ಹೊತ್ತು ಉಸಿರಾಟಕ್ಕೆ ನೆರವಾಗುವ ಬೈಪ್ಯಾಪ್‌ನಂಥ ಯಂತ್ರದ ಪರಿಣಾಮವನ್ನು ಬ್ರಿಟನ್ನಿನ ನ್ಯೂಕ್ಯಾಸಲ್‌ನ ವೈದ್ಯರು 41 ರೋಗಿಗಳಲ್ಲಿ ಪರೀಕ್ಷಿಸಿ 2006ರಲ್ಲಿ ವರದಿ ಮಾಡಿದರು. ಗಂಟಲಿನ ಸ್ನಾಯುಗಳು ತೀರಾ ಸೋತಿರದ ರೋಗಿಗಳ ಆಯುಷ್ಯ ಅದರಿಂದ ಸುಮಾರು 205 ದಿನ ಹೆಚ್ಚಿತ್ತು. ನಿದ್ರೆ ಮತ್ತು ದಿನಚರಿಯ ನೆಮ್ಮದಿಯೂ ಸುಧಾರಿಸಿತ್ತು. ಗುಳಿಗೆಗಿಂತ ಯಂತ್ರವೇ ಹೆಚ್ಚು ಬದುಕು ಕೊಟ್ಟಿತು ಎಂದಾಯಿತು. ಐರ್ಲೆಂಡಿನಲ್ಲಿ 2003ರಲ್ಲಿ ಪ್ರಕಟವಾದ ಅಧ್ಯಯನ ಇನ್ನೊಂದು ಸಂಗತಿಯನ್ನು ಹೊರಗೆಡವಿತು. ಸಾಮಾನ್ಯ ನರರೋಗ ವಿಭಾಗಕ್ಕೆ ಹೋಗುತ್ತಿದ್ದವರಿಗಿಂತ, ಈ ಕಾಯಿಲೆಗೆಂದೇ ಮೀಸಲಾದ, ಹಲವು ತಜ್ಞರು ಒಂದೇ ಕಡೆ ಸಿಗುವ ಕ್ಲಿನಿಕ್‌ಗೆ ಹೋಗುತ್ತಿದ್ದವರು ಏಳೂವರೆ ತಿಂಗಳು ಹೆಚ್ಚು ಬದುಕಿದ್ದರು. ಎರಡು ಗುಂಪುಗಳ ನಡುವೆ ಬೇರೆ ವ್ಯತ್ಯಾಸಗಳೂ ಇದ್ದಿರಬಹುದಾದ್ದರಿಂದ ಇದನ್ನು ಎಚ್ಚರದಿಂದಲೇ ಓದಬೇಕು. ಆದರೂ ಅದು ತೋರಿದ ದಿಕ್ಕು ಸ್ಪಷ್ಟ.

ಆ ಕ್ಲಿನಿಕ್‌ಗಳಲ್ಲಿ ನಡೆಯುವುದು ಪವಾಡವೇನಲ್ಲ. ನರರೋಗ ತಜ್ಞ, ಶ್ವಾಸಕೋಶ ತಜ್ಞ, ಫಿಸಿಯೋಥೆರಪಿಸ್ಟ್, ಮಾತು-ನುಂಗುವಿಕೆಯ ಚಿಕಿತ್ಸಕ, ಆಹಾರತಜ್ಞ, ದಾದಿ, ಉಪಶಾಮಕ ಆರೈಕೆಯ ವೈದ್ಯ ಒಂದೇ ದಿನ, ಒಂದೇ ಸೂರಿನಡಿ ರೋಗಿಯನ್ನು ನೋಡುತ್ತಾರೆ. ಜೊಲ್ಲು ಸುರಿಯುವುದಕ್ಕೆ, ಸ್ನಾಯು ಸೆಳೆತಕ್ಕೆ, ಬಿಗಿತಕ್ಕೆ, ತಡೆಯಲಾಗದೆ ಉಕ್ಕಿ ಬರುವ ಅಳು-ನಗೆಗೆ ಅಗ್ಗದ ಔಷಧಿಗಳೇ ಇವೆ. ನೀರು, ಕಾಫಿಯಂಥ ತೆಳು ದ್ರವಗಳು ಉಸಿರುನಾಳಕ್ಕೆ ಜಾರುವ ಅಪಾಯ ಹೆಚ್ಚಾದ್ದರಿಂದ ರಾಗಿ ಗಂಜಿಯ ಹದದ ದ್ರವವನ್ನು ನುಂಗುವುದು ಹಲವರಿಗೆ ಸಲೀಸು. ಯಾರಿಗೆ ಯಾವ ಹದ ಎಂಬುದನ್ನು ಪರೀಕ್ಷಿಸಿ ಹೇಳಬೇಕು. ನುಂಗುವುದು ಕಷ್ಟವಾದಾಗ ಹೊಟ್ಟೆಗೆ ನೇರವಾಗಿ ಕೊಳವೆ ಅಳವಡಿಸಬಹುದು. ಆದರೆ ಉಸಿರಿನ ಶಕ್ತಿ ತೀರಾ ಕುಗ್ಗುವ ಮುನ್ನವೇ ಅದನ್ನು ಮಾಡುವುದು ಸುರಕ್ಷಿತ. ಮಲಗಿದಾಗ ಏದುಸಿರು, ಬೆಳಿಗ್ಗೆ ಎದ್ದಾಗ ತಲೆನೋವು, ಹಗಲಲ್ಲಿ ತೂಕಡಿಕೆ ಇವು ಉಸಿರಾಟ ಸೋಲುತ್ತಿರುವುದರ ಸುಳಿವು ಎಂದು ಮನೆಯವರಿಗೆ ತಿಳಿಸಿಕೊಟ್ಟರೆ ಎಷ್ಟೋ ತುರ್ತುಸ್ಥಿತಿಗಳನ್ನು ತಪ್ಪಿಸಬಹುದು.

ಇಲ್ಲಿ ಮುಖ್ಯವಾದ ಪದ ‘ಮುನ್ನ’. ಈ ಕಾಯಿಲೆಗೆ ಇತರ ಅಂಗವೈಕಲ್ಯಗಳಿಂದ ಭಿನ್ನವಾದ ಒಂದು ಗುಣವಿದೆ. ಅದು ವೇಗ. ಕೈಗೋಲು ಬೇಕೆಂದು ಅರ್ಜಿ ಹಾಕಿದವರಿಗೆ ಅದು ಕೈಸೇರುವ ಹೊತ್ತಿಗೆ ಗಾಲಿಕುರ್ಚಿಯೇ ಬೇಕಾಗಿರುತ್ತದೆ. ಗಾಲಿಕುರ್ಚಿ ಮಂಜೂರಾಗುವಷ್ಟರಲ್ಲಿ ಅದರಲ್ಲಿ ಕುಳಿತುಕೊಳ್ಳುವ ಶಕ್ತಿಯೂ ಉಡುಗಿರುತ್ತದೆ. ತಡವಾಗಿ ಬಂದ ನೆರವು ಇಲ್ಲಿ ಬಾರದ ನೆರವಿಗೆ ಸಮ. ಆದ್ದರಿಂದ ಒಳ್ಳೆಯ ಆರೈಕೆ ಎಂದರೆ ರೋಗಕ್ಕಿಂತ ಒಂದು ಹೆಜ್ಜೆ ಮುಂದಿರುವ ಆರೈಕೆ. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಮಾರ್ಗದರ್ಶಿ ಸಂಸ್ಥೆ ‘ನೈಸ್’ 2016ರಲ್ಲಿ ಹೊರಡಿಸಿದ ಮಾರ್ಗಸೂಚಿಯ ತಿರುಳು ಇದೇ. ಎರಡು ಮೂರು ತಿಂಗಳಿಗೊಮ್ಮೆ ತಜ್ಞರ ತಂಡ ರೋಗಿಯನ್ನು ನೋಡಬೇಕು; ಯಾವ ತೊಂದರೆಗೂ ಕರೆ ಮಾಡಬಹುದಾದ ಒಂದು ನಿಶ್ಚಿತ ಸಂಪರ್ಕ ಇರಬೇಕು; ಮುಂದೆ ಬೇಕಾಗುವ ಸಲಕರಣೆಯನ್ನು ಈಗಲೇ ಯೋಚಿಸಿ, ವಿಳಂಬವಿಲ್ಲದೆ ಒದಗಿಸಬೇಕು ಎಂದು ಅದು ಹೇಳುತ್ತದೆ. ಅಮೆರಿಕದಲ್ಲಿ ಅಂಗವಿಕಲರು ಸರ್ಕಾರಿ ಆರೋಗ್ಯ ವಿಮೆಗಾಗಿ ಸಾಮಾನ್ಯವಾಗಿ 24 ತಿಂಗಳು ಕಾಯಬೇಕು. ಎಎಲ್‌ಎಸ್ ರೋಗಿಗಳು ಅಷ್ಟು ಕಾಯುವಷ್ಟರಲ್ಲಿ ಇಲ್ಲವಾಗುತ್ತಾರೆಂದು ಅರಿತು 2001ರಲ್ಲಿ ಆ ನಿಯಮವನ್ನು ಅವರ ಮಟ್ಟಿಗೆ ತೆಗೆದುಹಾಕಲಾಯಿತು. ಅಂಗವೈಕಲ್ಯ ಭತ್ಯೆಗೆ ಇದ್ದ ಐದು ತಿಂಗಳ ಕಾಯುವಿಕೆಯನ್ನೂ 2020ರ ಕೊನೆಯಲ್ಲಿ ಕಾನೂನಿನ ಮೂಲಕ ರದ್ದುಪಡಿಸಲಾಯಿತು. ರೋಗದ ವೇಗವನ್ನು ಕಾನೂನು ಗುರುತಿಸಿದ ಪರಿ ಇದು.

ನಮ್ಮ ಕಾನೂನು ಏನು ಹೇಳುತ್ತದೆ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿಮಾಡಿದೆ. ದೀರ್ಘಕಾಲೀನ ನರಸಂಬಂಧಿ ಸ್ಥಿತಿಗಳ ಅಡಿಯಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಮತ್ತು ಪಾರ್ಕಿನ್ಸನ್ ಕಾಯಿಲೆಗಳ ಹೆಸರಿದೆ. ಮೋಟಾರ್ ನ್ಯೂರಾನ್ ಕಾಯಿಲೆಯ ಹೆಸರಿಲ್ಲ. ಚಲನಾಂಗ ವೈಕಲ್ಯವೆಂದು ಪರಿಗಣಿಸಿ ಪ್ರಮಾಣಪತ್ರ ನೀಡಲು ಅವಕಾಶವೇನೋ ಉಂಟು. ಆದರೆ ಹೆಸರಿಲ್ಲದ ಕಾಯಿಲೆ ಕಚೇರಿಯ ಮೇಜಿನ ಮುಂದೆ ಪ್ರತಿಬಾರಿಯೂ ತನ್ನನ್ನು ತಾನೇ ಪರಿಚಯಿಸಿಕೊಳ್ಳಬೇಕಾಗುತ್ತದೆ. ಮೇಲಾಗಿ ಪ್ರಮಾಣಪತ್ರ ಅಳೆಯುವುದು ಆ ದಿನದ ವೈಕಲ್ಯವನ್ನು. ಶೇ 40ರ ಗಡಿ ಮುಟ್ಟದವರು ಮರಳಿ ಹೋಗಬೇಕು. ಆರು ತಿಂಗಳಲ್ಲಿ ಸ್ಥಿತಿ ಉಲ್ಬಣಿಸಿದರೆ ಮತ್ತೆ ಬರಬೇಕು. ಅಷ್ಟರಲ್ಲಿ ಅವರು ಬರುವ ಸ್ಥಿತಿಯಲ್ಲೇ ಇರುವುದಿಲ್ಲ. ಇದೇ ಕಾಯ್ದೆಯ 24ನೇ ಕಲಮು ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತನ್ನಾಡುತ್ತದೆ. 38ನೇ ಕಲಮು ಅಂತಹ ನೆರವಿಗಾಗಿ ಅರ್ಜಿ ಸಲ್ಲಿಸುವ ದಾರಿಯನ್ನು ತೋರಿಸುತ್ತದೆ. ಕಲಮುಗಳು ಇವೆ ಎಂಬುದೇ ಬಹುತೇಕ ಕುಟುಂಬಗಳಿಗೆ ತಿಳಿದಿಲ್ಲ.

ವಿಮೆಯ ಕಥೆಯೂ ಇದಕ್ಕಿಂತ ಭಿನ್ನವಲ್ಲ. ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕದಂಥ ಯೋಜನೆಗಳು ಬಡವರ ಪಾಲಿಗೆ ವರದಾನವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವುಗಳ ಗಮನವೆಲ್ಲ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದಾಗಿನ ಚಿಕಿತ್ಸೆಯ ಮೇಲೆ. ಈ ಕಾಯಿಲೆ ನಡೆಯುವುದು ಮನೆಯಲ್ಲಿ. ಉಸಿರಿನ ಯಂತ್ರ ಇರಬೇಕಾದ್ದು ಮಲಗುವ ಕೋಣೆಯಲ್ಲಿ; ಕಫ ಹೀರುವ ಸಾಧನ ಇರಬೇಕಾದ್ದು ಹಾಸಿಗೆಯ ಪಕ್ಕದಲ್ಲಿ. ಮನೆಯಲ್ಲಿ ಯಂತ್ರವಿಲ್ಲದೆ ಉಸಿರು ಕಟ್ಟಿ ತೀವ್ರ ನಿಗಾ ಘಟಕ ಸೇರಿದ ಮೇಲೆ ಹಣ ಸಿಗುತ್ತದೆ. ಹಾಗಾಗದಂತೆ ತಡೆಯುವ ಯಂತ್ರಕ್ಕೆ ಸಿಗುವುದಿಲ್ಲ ಎಂಬುದು ಎಂಥ ಅರ್ಥಶಾಸ್ತ್ರ?

ಹೀಗೆ ವ್ಯವಸ್ಥೆ ಕೈಬಿಟ್ಟ ಜಾಗದಲ್ಲಿ ಆಸೆಯ ವ್ಯಾಪಾರಿಗಳು ಅಂಗಡಿ ತೆರೆಯುತ್ತಾರೆ. ಆಕರಕೋಶಗಳ ಚುಚ್ಚುಮದ್ದಿನಿಂದ ಕಾಯಿಲೆ ವಾಸಿಯಾಗುತ್ತದೆಂಬ ಜಾಹೀರಾತು ನಂಬಿ ಹೊಲ, ಒಡವೆ ಮಾರುವ ಸ್ಥಿತಿ ಯಾವ ಕುಟುಂಬಕ್ಕೂ ಬರಬಾರದು. ರಕ್ತಸಂಬಂಧಿ ಕೆಲವು ಕಾಯಿಲೆಗಳನ್ನು ಬಿಟ್ಟರೆ, ಅನುಮೋದಿತ ಪ್ರಯೋಗದ ಹೊರಗೆ ಆಕರಕೋಶಗಳನ್ನು ಚಿಕಿತ್ಸೆಯೆಂದು ಬಳಸುವುದು ಸಲ್ಲದು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿದೆ. ಆದರೆ ‘ಏನೂ ಮಾಡಲಾಗದು’ ಎಂದು ಒಂದು ಬಾಗಿಲಲ್ಲಿ ಕೇಳಿಸಿಕೊಂಡವರು ‘ಮಾಡಬಹುದು’ ಎನ್ನುವ ಇನ್ನೊಂದು ಬಾಗಿಲನ್ನು ತಟ್ಟುವುದು ಸಹಜ. ಅವರನ್ನು ತಡೆಯುವ ದಾರಿ ಬರೀ ಎಚ್ಚರಿಕೆಯ ಫಲಕವಲ್ಲ. ಮೊದಲ ಬಾಗಿಲಲ್ಲೇ ಸಿಗುವ ನಿಜವಾದ ನೆರವು.

ದೇಹದ ಆರೈಕೆಯಷ್ಟೇ ಮಾತಿನ ಆರೈಕೆಯೂ ಮುಖ್ಯ. ಮಾತು ನಿಂತ ಮನುಷ್ಯನ ಬಗ್ಗೆ ಸುತ್ತಲಿನವರು ಅವನೆದುರಿನಲ್ಲೇ ಮೂರನೆಯವನಂತೆ ಮಾತನಾಡಲಾರಂಭಿಸುತ್ತಾರೆ. ಕಣ್ಣಿನ ಚಲನೆಯಿಂದ ನಡೆಯುವ ಕಂಪ್ಯೂಟರ್‌ಗಳು ದುಬಾರಿ. ಆದರೆ ಒಂದು ರಟ್ಟಿನ ಹಾಳೆಗೆ ಅಷ್ಟು ಖರ್ಚಿಲ್ಲ. ನಮ್ಮ ವರ್ಣಮಾಲೆ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಸ್ವರಗಳ ಒಂದು ಸಾಲು, ಕ ವರ್ಗದಿಂದ ಪ ವರ್ಗದವರೆಗೆ ಐದು ಸಾಲು, ಅವರ್ಗೀಯ ವ್ಯಂಜನಗಳದ್ದು ಇನ್ನೊಂದು. ಆರೈಕೆ ಮಾಡುವವರು ಸಾಲುಗಳನ್ನು ಒಂದೊಂದಾಗಿ ಹೇಳುತ್ತಾ ಹೋದರೆ ರೋಗಿ ರೆಪ್ಪೆ ಮಿಟುಕಿಸಿ ಸಾಲನ್ನೂ, ಅನಂತರ ಅಕ್ಷರವನ್ನೂ ಆರಿಸಬಹುದು. ‘ನೀರು’, ‘ಮಗ್ಗುಲು’, ‘ನೋವು’, ‘ಫ್ಯಾನು’ ಮೊದಲಾದ ದಿನಬಳಕೆಯ ಪದಗಳನ್ನು ಪಕ್ಕದಲ್ಲೇ ಬರೆದಿಟ್ಟರೆ ಇನ್ನೂ ಸಲೀಸು. ಇಂಥ ಹಲಗೆಯೊಂದನ್ನು ಅಚ್ಚು ಹಾಕಿಸಿ ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ಇಡುವುದು ಯಾವ ಸರ್ಕಾರಕ್ಕೂ ಭಾರವಲ್ಲ. ಮಾತು ಉಳಿದಿರುವಾಗಲೇ ರೋಗಿಯ ದನಿಯನ್ನು ಫೋನಿನಲ್ಲಿ ಮುದ್ರಿಸಿಟ್ಟುಕೊಳ್ಳುವಂತೆ ವೈದ್ಯರು ಮೊದಲ ಭೇಟಿಯಲ್ಲೇ ಸೂಚಿಸಬೇಕು. ಮಕ್ಕಳ ಹೆಸರನ್ನು ತನ್ನದೇ ದನಿಯಲ್ಲಿ ಕೂಗಲು ಸಾಧ್ಯವಾಗುವುದು ಸಣ್ಣ ಸಂಗತಿಯಲ್ಲ. ಇದನ್ನು ದಾನವೆಂದಲ್ಲ, ಹಕ್ಕೆಂದು ಪರಿಗಣಿಸಿದ ನಾಡುಗಳಿವೆ. ಸ್ಕಾಟ್ಲೆಂಡಿನಲ್ಲಿ 2014ರಲ್ಲಿ, 29ನೇ ವಯಸ್ಸಿಗೆ ಈ ಕಾಯಿಲೆಗೆ ತುತ್ತಾದ ಗಾರ್ಡನ್ ಐಕ್ಮನ್ ತನ್ನಂಥವರಿಗಾಗಿ ಹೋರಾಟ ಕಟ್ಟಿದರು. ಅದರ ಫಲವಾಗಿ 2015ರಲ್ಲಿ ಅಲ್ಲಿನ ಸರ್ಕಾರ ಈ ಕಾಯಿಲೆಯ ವಿಶೇಷ ದಾದಿಯರ ಸಂಖ್ಯೆಯನ್ನು ದ್ವಿಗುಣಗೊಳಿಸುವುದಾಗಿ ಪ್ರಕಟಿಸಿತು. ಮಾತು ಕಳೆದುಕೊಂಡವರಿಗೆ ಸಂವಹನ ಸಾಧನ ಒದಗಿಸುವುದು ಸರ್ಕಾರದ ಕರ್ತವ್ಯವೆಂದು 2016ರಲ್ಲಿ ಅಲ್ಲಿನ ಸಂಸತ್ತು ಕಾನೂನನ್ನೇ ಮಾಡಿತು. ಐಕ್ಮನ್ 2017ರಲ್ಲಿ ತೀರಿಕೊಂಡರು. ಅವರು ಪಡೆದ ದಾದಿಯರು ಉಳಿದರು.

ರೋಗಿಯ ಮಂಚದ ಪಕ್ಕದಲ್ಲಿ ನಿಂತಿರುವ ಇನ್ನೊಬ್ಬರನ್ನು ಯಾವ ಪಟ್ಟಿಯೂ ಗುರುತಿಸುವುದಿಲ್ಲ. ನಮ್ಮ ಸಮಾಜದಲ್ಲಿ ಆಕೆ ಹೆಚ್ಚಾಗಿ ಹೆಂಡತಿ, ತಾಯಿ, ಮಗಳು ಅಥವಾ ಸೊಸೆ. ರಾತ್ರಿ ಎರಡು ಗಂಟೆಗೊಮ್ಮೆ ಎದ್ದು ಮಗ್ಗುಲು ಬದಲಿಸುವುದು, ಕಫ ತೆಗೆಯುವುದು, ಎತ್ತಿ ಕೂರಿಸಿ ಸ್ನಾನ ಮಾಡಿಸುವುದು, ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಕಳಿಸುವುದು ಎಲ್ಲವೂ ಅವಳದೇ. ದುಡಿಯುವವನ ಸಂಬಳ ನಿಂತ ಮನೆಯಲ್ಲಿ ಅವಳ ದುಡಿಮೆಯೂ ನಿಲ್ಲುತ್ತದೆ. ಇದನ್ನು ತ್ಯಾಗವೆಂದು ಹೊಗಳಿ ಸುಮ್ಮನಾಗುವುದು ನಮಗೆ ರೂಢಿಯಾಗಿಬಿಟ್ಟಿದೆ. ಹೊಗಳಿಕೆಯಿಂದ ಬೆನ್ನುನೋವು ವಾಸಿಯಾಗುವುದಿಲ್ಲ. ರೋಗಿಯನ್ನು ಎತ್ತುವ ಸರಿಯಾದ ಕ್ರಮದ ತರಬೇತಿ, ತಿಂಗಳಿಗೆ ಕೆಲವು ದಿನವಾದರೂ ಬಿಡುವು ಕೊಡುವ ತರಬೇತಾದ ಸಹಾಯಕರು, ಕಾಯ್ದೆಯಲ್ಲಿ ಹೇಳಿದ ಭತ್ಯೆ ಇವು ಆಕೆಗೆ ಸಲ್ಲಬೇಕಾದ ನ್ಯಾಯ.

ಇದೆಲ್ಲ ಶ್ರೀಮಂತ ರಾಷ್ಟ್ರಗಳಿಗೆ ಮಾತ್ರ ಸಾಧ್ಯ ಎಂಬ ಆಕ್ಷೇಪ ಬರಬಹುದು. ನೆರೆಯ ಕೇರಳವನ್ನು ನೋಡಬೇಕು. 1993ರಲ್ಲಿ ಕೋಯಿಕ್ಕೋಡ್‌ನಲ್ಲಿ ಕೆಲವೇ ವೈದ್ಯರಿಂದ ಆರಂಭವಾದ ಉಪಶಾಮಕ ಆರೈಕೆಯ ಚಟುವಟಿಕೆ, ನೆರೆಹೊರೆಯ ಸ್ವಯಂಸೇವಕರ ಜಾಲವಾಗಿ ಹಬ್ಬಿತು. 2008ರಲ್ಲಿ ಆ ರಾಜ್ಯ ಇದಕ್ಕೆಂದೇ ನೀತಿ ರೂಪಿಸಿದ ಮೇಲೆ ಪಂಚಾಯಿತಿಗಳ ನೆರವಿನಿಂದ ದಾದಿಯರು ಮನೆಮನೆಗೆ ಹೋಗುವ ಪದ್ಧತಿ ಬೇರೂರಿತು. ಅಲ್ಲಿ ಈ ಆರೈಕೆ ಕ್ಯಾನ್ಸರ್ ರೋಗಿಗಳಿಗಷ್ಟೇ ಸೀಮಿತವಾಗಿಲ್ಲ; ಹಾಸಿಗೆ ಹಿಡಿದ ಯಾರೇ ಆದರೂ ಅದರ ಪರಿಧಿಯೊಳಗೆ ಬರುತ್ತಾರೆ.

ಕರ್ನಾಟಕದಲ್ಲಿ ಇಟ್ಟಿಗೆಗಳು ಇಲ್ಲವೆಂದಲ್ಲ, ಗೋಡೆ ಕಟ್ಟಿಲ್ಲ ಅಷ್ಟೆ. ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಜತೆಗೂಡಿ 2022ರಲ್ಲಿ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿವೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅಂಗವಿಕಲರ ನೆರವಿಗೆಂದೇ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಆಶಾ ಕಾರ್ಯಕರ್ತೆಯರಿದ್ದಾರೆ. ಇವರನ್ನೆಲ್ಲ ಒಂದು ದಾರದಲ್ಲಿ ಪೋಣಿಸಬೇಕಾಗಿದೆ. ಬೀದರಿನ ರೋಗಿಯೊಬ್ಬ ಮೂರು ತಿಂಗಳಿಗೊಮ್ಮೆ ಸುಮಾರು 700 ಕಿಲೋಮೀಟರ್ ದೂರದ ಬೆಂಗಳೂರಿಗೆ ರಾತ್ರಿಯಿಡೀ ಪ್ರಯಾಣಿಸಿ ಬರುವುದು ಸಾಧ್ಯವಿಲ್ಲದ ಮಾತು. ರೋಗ ಪತ್ತೆ ಮತ್ತು ಮುಖ್ಯ ನಿರ್ಧಾರಗಳು ನಿಮ್ಹಾನ್ಸ್‌ನಂಥ ಕೇಂದ್ರಗಳಲ್ಲಿ ಆಗಲಿ. ಮುಂದಿನ ತಪಾಸಣೆ ಜಿಲ್ಲಾಸ್ಪತ್ರೆಯಲ್ಲಿ, ತಜ್ಞರ ದೂರವಾಣಿ ಸಲಹೆಯೊಂದಿಗೆ ನಡೆಯಲಿ. ಪ್ರತಿ ಜಿಲ್ಲೆಗೊಬ್ಬ ದಾದಿಗೆ ಈ ಹೊಣೆ ಒಪ್ಪಿಸಿ, ಆಕೆಯ ದೂರವಾಣಿ ಸಂಖ್ಯೆ ಪ್ರತಿ ಕುಟುಂಬದ ಬಳಿ ಇರುವಂತೆ ನೋಡಿಕೊಂಡರೆ ಅರ್ಧ ಕೆಲಸ ಆದಂತೆ.

ಎರಡನೆಯದಾಗಿ, ಜಿಲ್ಲೆಗೊಂದು ಸಲಕರಣೆ ಭಂಡಾರ ಬೇಕು. ಗಾಲಿಕುರ್ಚಿ, ಏರಿಳಿಸುವ ಮಂಚ, ನೀರಿನ ಹಾಸಿಗೆ, ಕಫ ಹೀರುವ ಯಂತ್ರ, ಬೈಪ್ಯಾಪ್ ಇವನ್ನು ಕೊಳ್ಳಲು ಕುಟುಂಬಗಳು ಸಾಲ ಮಾಡುತ್ತವೆ. ರೋಗಿ ಇಲ್ಲವಾದ ಮೇಲೆ ಅವು ಅಟ್ಟದ ಮೇಲೆ ಧೂಳು ಹಿಡಿಯುತ್ತವೆ. ಗ್ರಂಥಾಲಯದ ಪುಸ್ತಕದಂತೆ ಎರವಲು ಕೊಟ್ಟು, ಮರಳಿ ಪಡೆದು, ಶುಚಿಗೊಳಿಸಿ ಇನ್ನೊಬ್ಬರಿಗೆ ಕೊಡುವ ಏರ್ಪಾಡು ಮಾಡಿದರೆ ಕಡಿಮೆ ಹಣದಲ್ಲಿ ಹೆಚ್ಚು ಜನರಿಗೆ ಸಕಾಲದಲ್ಲಿ ನೆರವಾಗುತ್ತದೆ. ಮೂರನೆಯದಾಗಿ, ಉಸಿರಿನ ಯಂತ್ರವಿರುವ ಮನೆಗಳ ಪಟ್ಟಿ ವಿದ್ಯುತ್ ಕಂಪನಿಗಳ ಬಳಿ ಇರಬೇಕು. ವಿದ್ಯುತ್ ಕಡಿತದ ಮುನ್ಸೂಚನೆ ಮತ್ತು ಬ್ಯಾಟರಿಯ ನೆರವು ಆ ಮನೆಗಳಿಗೆ ಮೊದಲು ಸಿಗಬೇಕು. ಉಳಿದವರಿಗೆ ಕತ್ತಲೆಯೆಂದರೆ ಸೆಕೆ, ಸೊಳ್ಳೆ. ಇವರಿಗೆ ಅದು ಪ್ರಾಣದ ಪ್ರಶ್ನೆ. ನಾಲ್ಕನೆಯದಾಗಿ, ವೇಗವಾಗಿ ಉಲ್ಬಣಿಸುವ ಕಾಯಿಲೆಗಳೆಂದು ದೃಢಪಟ್ಟ ತಕ್ಷಣ, ಅಂದಿನ ಶೇಕಡಾವಾರು ನೋಡದೆ, ಅಂಗವಿಕಲರ ಗುರುತಿನ ಚೀಟಿ ಮತ್ತು ಪಿಂಚಣಿ ದೊರೆಯುವ ಪ್ರತ್ಯೇಕ ನಿಯಮ ರೂಪಿಸಬೇಕು.

ಇಷ್ಟು ಕಡಿಮೆ ರೋಗಿಗಳಿಗೆ ಇಷ್ಟೆಲ್ಲ ಏಕೆ ಎಂಬ ಪ್ರಶ್ನೆಯೂ ಏಳಬಹುದು. ಹೀಗೆ ಕಟ್ಟಿದ ವ್ಯವಸ್ಥೆ ಇವರೊಬ್ಬರಿಗೇ ಮೀಸಲಾಗಿ ಉಳಿಯುವುದಿಲ್ಲ. ಸ್ನಾಯುಕ್ಷಯದ ಮಕ್ಕಳು, ಪಾರ್ಶ್ವವಾಯು ಪೀಡಿತರು, ಅಪಘಾತದಲ್ಲಿ ಬೆನ್ನುಹುರಿ ಮುರಿದುಕೊಂಡವರು, ಪಾರ್ಕಿನ್ಸನ್ ಕಾಯಿಲೆಯ ವೃದ್ಧರು ಎಲ್ಲರಿಗೂ ಬೇಕಾದದ್ದು ಇದೇ ದಾದಿ, ಇದೇ ಭಂಡಾರ, ಇದೇ ಮನೆಬಾಗಿಲಿನ ನೆರವು. ಅತ್ಯಂತ ವೇಗದ ಕಾಯಿಲೆಯ ಜತೆ ಹೆಜ್ಜೆ ಹಾಕಬಲ್ಲ ವ್ಯವಸ್ಥೆ ನಿಧಾನದ ಕಾಯಿಲೆಗಳನ್ನೂ ಸಮರ್ಥವಾಗಿ ನಿಭಾಯಿಸಬಲ್ಲದು.

ಕೊನೆಯದಾಗಿ ಒಂದು ಸೂಕ್ಷ್ಮ ವಿಚಾರ. ಕಾಯಿಲೆ ಮುಂದುವರಿದಾಗ ಗಂಟಲಿಗೆ ರಂಧ್ರ ಮಾಡಿ ಪೂರ್ಣಾವಧಿ ವೆಂಟಿಲೇಟರ್ ಹಾಕಬೇಕೇ ಬೇಡವೇ ಎಂಬ ಪ್ರಶ್ನೆ ಎದುರಾಗುತ್ತದೆ. ಉಸಿರು ಕಟ್ಟಿದ ನಡುರಾತ್ರಿ, ಕಂಗಾಲಾದ ಕುಟುಂಬ ತುರ್ತು ಘಟಕದ ಬಾಗಿಲಲ್ಲಿ ನಿಂತು ತೀರ್ಮಾನಿಸುವ ವಿಷಯ ಅದಲ್ಲ. ರೋಗಿ ಮಾತನಾಡಬಲ್ಲ ಕಾಲದಲ್ಲೇ, ಎಲ್ಲವನ್ನೂ ತಿಳಿದು, ತನ್ನ ಇಚ್ಛೆಯನ್ನು ಹೇಳಲು ಅವಕಾಶವಿರಬೇಕು. 2018ರಲ್ಲಿ ಸುಪ್ರೀಂ ಕೋರ್ಟ್ ಮುಂಗಡ ವೈದ್ಯಕೀಯ ಇಚ್ಛಾಪತ್ರವನ್ನು ಮಾನ್ಯಮಾಡಿ, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಅದನ್ನು ಜಾರಿಗೆ ತರುವ ಸುತ್ತೋಲೆಯನ್ನು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಹೊರಡಿಸಿತು. ಇದು ಸ್ವಾಗತಾರ್ಹ. ಆದರೆ ಆಯ್ಕೆ ಎಂಬುದು ಎರಡು ದಾರಿಗಳಿದ್ದಾಗ ಮಾತ್ರ ಆಯ್ಕೆ. ಜಪಾನಿನಲ್ಲಿ ಮನೆಯಲ್ಲೇ ವೆಂಟಿಲೇಟರ್ ನೆರವಿನಿಂದ ಬಾಳಲು ಸರ್ಕಾರದ ಬೆಂಬಲವಿದೆ. ಅಲ್ಲಿ 2019ರಲ್ಲಿ, ಮಾತನಾಡಲಾರದ, ವೆಂಟಿಲೇಟರ್ ಅವಲಂಬಿಸಿದ ಎಎಲ್‌ಎಸ್ ರೋಗಿ ಯಾಸುಹಿಕೊ ಫುನಾಗೊ ಸಂಸತ್ತಿನ ಮೇಲ್ಮನೆಗೆ ಆಯ್ಕೆಯಾದರು. ಅವರ ಗಾಲಿಕುರ್ಚಿಗೆಂದು ಸದನದ ಆಸನಗಳನ್ನೇ ಮಾರ್ಪಡಿಸಲಾಯಿತು. ಸಹಾಯಕರು ಸದನದೊಳಗೆ ಅವರ ಜತೆಗಿದ್ದರು. 2025ರವರೆಗೆ ಅವರು ಸಂಸದರಾಗಿ ಸೇವೆ ಸಲ್ಲಿಸಿದರು. ‘ಮನೆಯವರಿಗೆ ಹೊರೆಯಾಗಲಾರೆ’ ಎಂಬ ಒಂದೇ ಕಾರಣಕ್ಕೆ ನಮ್ಮಲ್ಲೊಬ್ಬರು ಬದುಕು ಬೇಡವೆಂದರೆ, ಅದು ಅವರ ಇಚ್ಛೆಯೋ ನಮ್ಮ ವೈಫಲ್ಯವೋ ಎಂದು ಕೇಳಿಕೊಳ್ಳಬೇಕಾದವರು ನಾವು.

ಮದ್ದು ಯಾವಾಗ ಸಿಗುತ್ತದೆಂಬುದು ಪ್ರಯೋಗಾಲಯಗಳಿಗೆ ಬಿಟ್ಟ ವಿಷಯ. ರೋಗಿ ಕೇಳುವ ಮುನ್ನ ಗಾಲಿಕುರ್ಚಿ ಬರುವುದು, ಉಸಿರು ಸೋಲುವ ಮುನ್ನ ಯಂತ್ರ ಬರುವುದು, ಮಾತು ನಿಲ್ಲುವ ಮುನ್ನ ಅಕ್ಷರದ ಹಲಗೆ ಬರುವುದು ನಮಗೆ ಬಿಟ್ಟ ವಿಷಯ. ಇದಕ್ಕೆ ಹೊಸ ಆವಿಷ್ಕಾರವೇನೂ ಬೇಕಿಲ್ಲ. ಇರುವ ಕಾಯ್ದೆಯನ್ನು ಓದುವ, ಇರುವ ಕಾರ್ಯಕರ್ತರನ್ನು ಕೂಡಿಸುವ, ಕಡತವನ್ನು ಕಾಯಿಲೆಗಿಂತ ವೇಗವಾಗಿ ಓಡಿಸುವ ಮನಸ್ಸು ಸಾಕು. ‘ಏನೂ ಮಾಡಲಾಗದು’ ಎಂಬ ಮಾತನ್ನು ನಮ್ಮ ಆಸ್ಪತ್ರೆಗಳು ಇನ್ನಾದರೂ ಮರೆಯಲಿ.